ಹಗೇವಿಗೆ ಇಳಿಸಿದ ಟಾರ್ಚು

ಆಂಬುಲೆನ್ಸಿನಲ್ಲಿ ಕೂರುವ ನರ್ಸಿಗೆ ಜನ ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಬಿಕ್ಕಳಿಕೆ ಯಾಕೆ ಬರುತ್ತದೆ, ಕಾಲು ಜೋಮು ಹಿಡಿದರೆ ಇರುವೆ ಹರಿದಂತೆ ಯಾಕೆ ಆಗುತ್ತದೆ, ಒಬ್ಬ ಆಕಳಿಸಿದರೆ ಪಕ್ಕದವನೂ ಯಾಕೆ ಆಕಳಿಸುತ್ತಾನೆ. ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಡಾಕ್ಟರನ್ನು ಕೇಳಿ ಎಂದು ಜಾರಿಕೊಳ್ಳುತ್ತೇನೆ. ಆದರೆ ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ, ಶ್ರಾವಣದ ಒಂದು ಸೋಮವಾರ, ಒಬ್ಬಾತ ಕೇಳಿದ ಪ್ರಶ್ನೆಯಿಂದ ಜಾರಿಕೊಳ್ಳಲು ನನಗೆ ಆಗಲಿಲ್ಲ. ಅದರ ಉತ್ತರವನ್ನು ಒಂದೇ ಒಂದು ನಿಮಿಷ ಮರೆತದ್ದಕ್ಕೆ ಅವತ್ತು ನಾನೇ ಹೆಣವಾಗುವವಳಿದ್ದೆ.

ನರೋಣಾ ದಾಟಿ ಒಳಗೆ ಹೋಗುವ ಹಳ್ಳಿ ಅದು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕರೆ ಬಂತು: ವಯಸ್ಸಾದ ಹೆಣ್ಣುಮಗಳು, ತಲೆ ತಿರುಗಿ ಬಿದ್ದಿದ್ದಾರೆ, ಮೈಯೆಲ್ಲ ಬೆವರು. ನಾನು ಮತ್ತು ಪೈಲಟ್ ಹೋದೆವು. ಪೈಲಟ್ ಎಂದರೆ ನಮ್ಮಲ್ಲಿ ಆಂಬುಲೆನ್ಸಿನ ಡ್ರೈವರ್. ಹೆಸರು ದೊಡ್ಡದು, ಓಡಿಸುವುದು ಮಾತ್ರ ಕೆಸರಿನಲ್ಲಿ.

ಅಜ್ಜಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ಎಪ್ಪತ್ತು ದಾಟಿದ ಜೀವ, ಕೊರಳಲ್ಲಿ ಲಿಂಗದ ಕರಡಿಗೆ, ಹಣೆ ತುಂಬ ವಿಭೂತಿ, ಮೇಲೆ ಬೆವರು. ಬೆರಳಿನ ತುದಿ ಚುಚ್ಚಿ ನೋಡಿದರೆ ಸಕ್ಕರೆ ನಲವತ್ತೆಂಟು. ಕೇಳಿದಾಗ ಕಥೆ ಹೊರಬಿತ್ತು. ಸೋಮವಾರದ ಉಪವಾಸ, ಬೆಳಗಿನಿಂದ ಒಂದು ತುತ್ತು ಇಲ್ಲ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ತಪ್ಪದೆ ನುಂಗಿದ್ದಾರೆ.

"ಆಯಿ, ಉಪಾಸ ಇದ್ದಾಗ ಆ ಗುಳಿಗಿ ಯಾಕ ತಗೊಂಡ್ರಿ?" ಎಂದೆ.

"ಗುಳಿಗಿ ಒಂದಿನಾನೂ ಬಿಡಬ್ಯಾಡ್ರಿ ಅಂತ ನೀವ ಹೇಳ್ತೀರಿ. ಬಿಟ್ಟಿಲ್ಲ ನೋಡ್ ಬೇ" ಎಂದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಹೇಳಿದ್ದು ನಾವೇ. ಹೊಟ್ಟೆಗೆ ಏನೂ ಇಲ್ಲದಿದ್ದಾಗ ಅದೇ ಗುಳಿಗೆ ರಕ್ತದಲ್ಲಿರುವ ಸಕ್ಕರೆಯನ್ನೂ ಇಳಿಸಿಬಿಡುತ್ತದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಗ್ಲೂಕೋಸ್ ಪುಡಿ ಕಲಸಿ, ಇದು ಊಟ ಅಲ್ಲ ಔಷಧ ಎಂದು ಆಣೆ ಮಾಡಿ ಕುಡಿಸಿದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಬೆರಳು ಚುಚ್ಚಬೇಕು. ಇಂಥವರನ್ನು ಆಸ್ಪತ್ರೆಗೆ ಒಯ್ಯುವುದೇ ಸರಿ, ಗುಳಿಗೆಯ ಪ್ರಭಾವ ಇಳಿಯುವತನಕ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತದೆ. ಅಜ್ಜಿ ಸುತರಾಂ ಒಪ್ಪಲಿಲ್ಲ.

"ಇವತ್ತ ಸಂಜಿಗೆ ಮಠದ ದಾಸೋಹಕ್ಕ ನಮ್ಮ ಮನಿ ಜೋಳ ಹೋಗಬೇಕು. ಹಗೇವು ನಿನ್ನೆನ ತಗದು ಬಿಡ್ರಿ ಅಂದ್ರ ಇವರು ತಗದಿಲ್ಲ. ನಾ ಹೆಂಗ ಬರ್ಲಿ?"

ಹಗೇವು ಎಂದರೆ ಈ ಕಡೆಯ ಹಳೆಯ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಒಳಗೆ ಸುತ್ತ ಜೋಳದ ದಂಟು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ನುಸಿ ಹತ್ತುವುದಿಲ್ಲ. ಈಗ ಊರಿಗೆ ಒಂದೆರಡು ಉಳಿದಿದ್ದರೆ ಹೆಚ್ಚು. ಜೇವರ್ಗಿ ಕಡೆಯ ನನ್ನ ಅಜ್ಜಿಯ ಮನೆಯಲ್ಲೂ ಒಂದಿತ್ತು. ತೆರೆದ ಮೇಲೆ ಒಂದು ದಿನ ಹಾಗೇ ಬಿಡಬೇಕು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಮಾತು.

ಅಜ್ಜಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಮನೆಯಲ್ಲೇ ಇದ್ದರು. ಹಿರಿಯನಿಗೆ ಐವತ್ತರ ಹತ್ತಿರ, ಕಿರಿಯನಿಗೆ ನಲವತ್ತು ಇರಬಹುದು. ನಾನು ಮಂಡಿಯ ಮೇಲೆ ನಿರಾಕರಣೆ ಫಾರಂ ಇಟ್ಟುಕೊಂಡು ತುಂಬುತ್ತಿದ್ದೆ. ರೋಗಿ ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಕಾಗದ ಅದು. ಅಷ್ಟರಲ್ಲಿ ಹಿರಿಯ ಬಾಗಿಲಲ್ಲಿ ಬಂದು ನಿಂತ.

"ಸಿಸ್ಟರ, ಜರಾ ನಿಮ್ಮ ಬ್ಯಾಟರಿ ಕೊಡ್ರಿ. ಐದ ಮಿನಿಟು."

ತಲೆ ಎತ್ತದೆ ಕಿಟ್ಟಿನಿಂದ ಟಾರ್ಚು ತೆಗೆದು ಕೊಟ್ಟೆ. ಯಾಕೆ ಎಂದು ಕೇಳಲಿಲ್ಲ.

ಎರಡನೇ ಸಲ ಬೆರಳು ಚುಚ್ಚಿದಾಗ ಸಕ್ಕರೆ ತೊಂಬತ್ತರ ಮೇಲೆ ಬಂದಿತ್ತು. ಹೆಬ್ಬೆಟ್ಟಿಗೆ ಮಸಿ ಹಚ್ಚುತ್ತಿದ್ದೆ. ಹಿತ್ತಲಿನಿಂದ ಹಿರಿಯ ಸೊಸೆ ಕಿರುಚಿದ್ದು ಕೇಳಿತು. "ಸಿಸ್ಟರ! ಮೈದುನಾರು ಹಗೇವಿನಾಗ ಕುಂತಬಿಟ್ಟಾರ! ಮಾತಾಡವಲ್ರು!"

ಓಡಿದೆ. ಬಾಯಿಯ ಕಲ್ಲು ಪಕ್ಕಕ್ಕೆ ಉರುಳಿತ್ತು, ಸುತ್ತ ಹಸಿ ಮಣ್ಣು. ಒಳಗೆ ಹತ್ತು ಅಡಿ ಕೆಳಗೆ, ಅರ್ಧ ಖಾಲಿಯಾದ ಜೋಳದ ಇಳಿಜಾರಿನ ಮೇಲೆ, ಕಿರಿಯ ಮಗ ಮೊಣಕಾಲು ಮಡಚಿ ಕುಳಿತಂತೆ ವಾಲಿದ್ದ. ಪಕ್ಕದಲ್ಲಿ ತುಂಬಿದ ಬುಟ್ಟಿ. ಹಗ್ಗ ಬುಟ್ಟಿಗೆ ಕಟ್ಟಿತ್ತು, ಅವನಿಗಲ್ಲ.

"ಯಾವಾಗ?"

"ಈಗ, ಈಗಷ್ಟ ರಿ. ಒಂದ್ ಬುಟ್ಟಿ ತುಂಬಿದ, ದಮ್ಮು ಹತ್ತಿದಂಗ ಮಾಡಿದ, ಕುಂತ" ಎಂದ ಹಿರಿಯ. ನಾನು ಕೇಳುವ ಮೊದಲೇ ತಾನೇ ಹೇಳಿದ, "ಬತ್ತಿ ಇಳಿಸಿ ನೋಡೇವ್ರಿ. ಆರಿಲ್ಲ. ಇನ್ನೂ ಉರಿಯಾಕತ್ತದ. ಹವಾ ಛಲೋ ಅದ."

ಒಳಗೆ ಬೆಳಕು ಇತ್ತು, ಹೌದು. ಹಾಗಾದರೆ ಗಾಳಿ ಸರಿ ಇದೆ. ಗಾಳಿ ಸರಿ ಇದ್ದರೆ ಇವನೂ ತಾಯಿಯಂತೆ ಉಪವಾಸ, ಸಕ್ಕರೆ ಇಳಿದಿದೆ. ಒಂದೇ ಮನೆ, ಒಂದೇ ಸೋಮವಾರ, ಈಗಷ್ಟೇ ಕಣ್ಣಾರೆ ಕಂಡ ಕಾಯಿಲೆ. ನನ್ನ ತಲೆ ಬೇರೆ ದಾರಿಯನ್ನೇ ಹುಡುಕಲಿಲ್ಲ. ಸಕ್ಕರೆ ನೋಡುವ ಮಶೀನನ್ನು ಜೇಬಿಗೆ ತುರುಕಿ, ಗ್ಲೂಕೋಸ್ ಇಂಜೆಕ್ಷನ್ ಹಲ್ಲಲ್ಲಿ ಕಚ್ಚಿಕೊಂಡು, ಹಗೇವಿನ ಬಾಯಿಗೆ ಒಂದು ಕಾಲು ಇಳಿಸಿದೆ. ಕಾಲಿಗೆ ಗೋಡೆಯ ಮೆಟ್ಟು ಸಿಕ್ಕಿತು. ಇನ್ನೊಂದು ಕಾಲು ಇಳಿಸಲು ಬಗ್ಗಿದಾಗ ಒಳಗಿನ ಬಿಸಿ ಮುಖಕ್ಕೆ ತಾಕಿತು. ಹುಳಿ ಹಿಟ್ಟಿನಂಥ ವಾಸನೆ. ಕೆಳಗೆ ಸುತಳಿಗೆ ಕಟ್ಟಿ ತೂಗುಬಿಟ್ಟ ದೀಪ ನಿಧಾನವಾಗಿ ತಿರುಗಿತು. ಅದರ ಹಿಡಿಕೆಗೆ ಸುತ್ತಿದ ಬಿಳಿ ಪ್ಲಾಸ್ಟರ್ ಮೇಲೆ ನನ್ನ ಕೈಬರಹದಲ್ಲಿ ನಮ್ಮ ಗಾಡಿಯ ನಂಬರ್ ಇತ್ತು.

ನನ್ನ ಟಾರ್ಚು. ಅದಕ್ಕೆ ಗಾಳಿ ಬೇಕಾಗಿಲ್ಲ. ಬಾವಿಯ ನೀರಿನಲ್ಲಿ ಮುಳುಗಿಸಿದರೂ ಅದು ಉರಿಯುತ್ತದೆ.

ಕಾಲು ಎಳೆದುಕೊಂಡೆ. ಎಳೆದುಕೊಂಡ ರಭಸಕ್ಕೆ ಹಿಂದಕ್ಕೆ ಕೆಸರಿನಲ್ಲಿ ಬಿದ್ದೆ. ನಾನು ಎದ್ದು ನಿಲ್ಲುವಷ್ಟರಲ್ಲಿ ಹಿರಿಯ ಧೋತರ ಮೇಲೆ ಕಟ್ಟಿ ಅದೇ ಬಾಯಿಗೆ ಬಂದಿದ್ದ. "ಸರೀರಿ, ನಾ ಇಳಿತೇನಿ."

"ಪೈಲಟ್, ಹಿಡೀರಿ ಅವರನ್ನ!" ಎಂದು ಚೀರಿದೆ. ಪೈಲಟ್ ಹಿಂದಿನಿಂದ ಅವನ ಸೊಂಟಕ್ಕೆ ತೆಕ್ಕೆ ಹಾಕಿದ. ಅಷ್ಟರಲ್ಲಿ ನೆರೆಹೊರೆಯವರು ಹತ್ತು ಜನ ಸೇರಿದ್ದರು, ಹತ್ತು ಜನ ಹತ್ತು ಮಾತು. "ತಮ್ಮ ಸಾಯಾಕತ್ತಾನ, ಈಕಿ ಅಡ್ಡ ನಿಂತಾಳ" ಎಂದು ಯಾರೋ ಅಂದರು. ಹಿರಿಯ ಕೊಸರಾಡುತ್ತ ನನ್ನ ಮುಖಕ್ಕೇ ಕೂಗಿದ, "ಬಿಡ್ರಿ! ನನ್ನ ಒಡಹುಟ್ಟಿದಾಂವ ಅದಾನ ಅಲ್ಲಿ!"

ವಿವರಿಸಲು ಹೊತ್ತಿರಲಿಲ್ಲ. ಮಿದುಳಿಗೆ ಪ್ರಾಣವಾಯು ನಿಂತರೆ ನಾಲ್ಕೈದು ನಿಮಿಷ ಅಷ್ಟೇ, ಅದರಲ್ಲಿ ಎರಡು ಹೋಗಿಯೇ ಹೋಗಿತ್ತು. ಬೀಡಿ ಹಿಡಿದು ನಿಂತಿದ್ದವನ ಕೈಯಿಂದ ಕಡ್ಡಿಪೆಟ್ಟಿಗೆ ಕಸಿದುಕೊಂಡೆ. ಒಂದು ಕಡ್ಡಿ ಗೀರಿ, ಎಲ್ಲರೂ ನೋಡುವಂತೆ, ತೋಳಷ್ಟು ಆಳಕ್ಕೆ ಹಿಡಿದೆ. ಯಾರೋ ಊದಿದ ಹಾಗೆ ಆರಿಹೋಯಿತು.

ಅಡ್ಡ ಮಾತಾಡಿದವರೇ ಒಂದು ಹೆಜ್ಜೆ ಹಿಂದೆ ಸರಿದರು.

"ಕೆಳಗ ಹವಾ ಇಲ್ಲ. ನೀವು ಇಳದ್ರ ಎರಡು ಹೆಣ ಆಗ್ತಾವ. ಅಣ್ಣಾರ, ತಮ್ಮ ಬೇಕಿದ್ರ ಮ್ಯಾಲ ನಿಂತು ಹಗ್ಗ ಹಿಡೀರಿ" ಎಂದೆ. ಅವನ ಕೈಕಾಲು ಸಡಿಲವಾದವು. ಹೀಗೆ ಹೇಳಲು ನನಗೆಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. ಯಾರೂ ಇಳಿಯಬಾರದು ಎಂದರೆ ಕೆಳಗಿರುವವನನ್ನು ಅಲ್ಲೇ ಬಿಡುವ ತೀರ್ಮಾನವೂ ಆಗಬಹುದು. ಬೀಡಿಗಳನ್ನು ಆರಿಸಿ ದೂರ ಎಸೆಯಲು ಹೇಳಿ ಗಾಡಿಗೆ ಓಡಿದೆ, ಆಕ್ಸಿಜನ್ ಬಿಡುವ ಕಡೆ ಬೆಂಕಿ ಇರಬಾರದು.

ಹೊರಗೆ ಒಯ್ಯುವ ಸಣ್ಣ ಸಿಲಿಂಡರಿನ ಮುಳ್ಳು ಕಾಲು ಭಾಗಕ್ಕೆ ಇಳಿದಿತ್ತು. ಮಾಸ್ಕಿನ ನಳಿಕೆ ಆರೇಳು ಅಡಿ, ಹಗೇವು ಹತ್ತು ಅಡಿ. ಎರಡು ನಳಿಕೆಗಳ ನಡುವೆ ಸಿರಿಂಜಿನ ತುಂಡು ಕತ್ತರಿಸಿ ಸೇರಿಸಿ ಪ್ಲಾಸ್ಟರ್ ಸುತ್ತಿದೆ. ಪ್ಲಾಸ್ಟರ್ ಬೆರಳಿಗೇ ಅಂಟಿಕೊಂಡಿತು, ಹಲ್ಲಿನಿಂದ ಹರಿದೆ. ನಳಿಕೆಯನ್ನು ಬಟ್ಟೆ ಒಣಹಾಕುವ ಬಿದಿರಿನ ಗಳಕ್ಕೆ ಕಟ್ಟಿ, ಸಿಲಿಂಡರಿನ ಕೀಲಿ ಪೂರ್ತಿ ತಿರುವಿ, ಅವನ ಮೂಗಿನ ಹತ್ತಿರ ಹೋಗುವಂತೆ ಇಳಿಸಿದೆವು. ಪೈಲಟ್ ಗಳ ಹಿಡಿದ. ಇದರಿಂದ ಅವನು ಎದ್ದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದಿಷ್ಟು ಹೊತ್ತು ಕೊಳ್ಳಬಹುದು ಅಷ್ಟೆ.

ಮೇಲೆ ತರುವುದು ಹೇಗೆ? ಬುಟ್ಟಿಯ ಹಗ್ಗಕ್ಕೆ ಕುಣಿಕೆ ಮಾಡಿ ಬಿಟ್ಟರು, ಅದು ಅವನ ತೋಳಿನ ಮೇಲೆ ಜಾರಿ ಜಾರಿ ಬಿತ್ತು. ಆಗ ಹಿಂದಿನಿಂದ ಅಜ್ಜಿಯ ದನಿ ಕೇಳಿತು. ಗೋಡೆ ಹಿಡಿದುಕೊಂಡು ಹಿತ್ತಲವರೆಗೆ ಬಂದಿದ್ದರು.

"ಪಾತಾಳಗರಡಿ ತರ್ರಿ. ಜಂತಿಗೆ ಅದ."

ಪಾತಾಳಗರಡಿ ಎಂದರೆ ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು. ನಲ್ಲಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಜೇಡರ ಬಲೆ ಕಟ್ಟಿತ್ತು. ಹಿರಿಯ ಅದನ್ನು ಹಗ್ಗಕ್ಕೆ ಬಿಗಿದು ಇಳಿಸಿದ. ಮೊದಲ ಸಲ ಕೊಕ್ಕೆ ಅಂಗಿಗೆ ಹತ್ತಿತು. ಎಳೆದಾಗ ಒಂದಡಿ ಎದ್ದ, ಅಂಗಿ ಪರ್ರನೆ ಹರಿದು ಮತ್ತೆ ಜೋಳದೊಳಗೆ ಬಿದ್ದ. ಈ ಸಲ ಮುಖ ಅಡಿಗೆ. ಹೆಂಗಸರು ಗೊಳೋ ಎಂದರು. ಹಿರಿಯನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕಾಣುತ್ತಿಲ್ಲ ಕಾಣುತ್ತಿಲ್ಲ ಎನ್ನುತ್ತಿದ್ದ. ಟಾರ್ಚಿನ ಬೆಳಕಿನಲ್ಲಿ ತಮ್ಮನ ಸೊಂಟದ ಹಿಂದೆ ಚರ್ಮದ ಬೆಲ್ಟು ಹೊಳೆದದ್ದು ನನಗೆ ಕಂಡಿತು. "ಬೆಲ್ಟ್! ಎಡಕ್ಕ ತರ್ರಿ, ಇನ್ನೊಂಚೂರು, ಇಳಸ್ರಿ, ಈಗ ಎಳೀರಿ!"

ಸಿಕ್ಕಿತು. ನಾಲ್ವರು ಎಳೆದರು. ಅವನು ಮಡಚಿದ ಚೀಲದ ಹಾಗೆ ಸೊಂಟದ ಮೇಲೆ ಎದ್ದು ಬಂದ, ಬಂದವನು ಬಾಯಿಯ ಹತ್ತಿರ ಅಡ್ಡಡ್ಡ ಸಿಕ್ಕಿಕೊಂಡ. ಹಿರಿಯನೂ ನಾನೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಉಸಿರು ಕಟ್ಟಿ, ತೋಳು ಇಳಿಬಿಟ್ಟೆವು. ಒಂದು ಮುಂಗೈ ನನಗೆ ಸಿಕ್ಕಿತು, ಇನ್ನೊಂದು ಅವನಿಗೆ. ಕೈಗಳು ಮೇಲೆ ಬಂದವು, ತಲೆ ಬಂತು, ಪೂರ್ತಿ ಮನುಷ್ಯ ಬಂದ.

ತುಟಿ ನೇರಳೆ ಹಣ್ಣು. ಉಸಿರಿಲ್ಲ. ಕುತ್ತಿಗೆಯ ಪಕ್ಕ ಬೆರಳಿಟ್ಟು ಕಾದೆ. ಇದೆ, ಸಣ್ಣಗೆ, ಬಹಳ ನಿಧಾನಕ್ಕೆ ಇದೆ. ಬಾಯೊಳಗೆ ಬೆರಳು ಹಾಕಿದರೆ ಜೋಳದ ಕಾಳು. ತಲೆ ಪಕ್ಕಕ್ಕೆ ತಿರುಗಿಸಿ ಗೋರಿ ತೆಗೆದೆ, ಉಳಿದದ್ದನ್ನು ಹೀರಿ ತೆಗೆಯಲು ಪೈಲಟ್ ಸಕ್ಷನ್ ನಳಿಕೆ ಹಿಡಿದ. "ಉಳ್ಳಾಗಡ್ಡಿ ಮೂಗಿಗೆ ಹಿಡೀರಿ" ಎಂದ ಒಬ್ಬ, "ನೀರ ಹಾಕ್ರಿ ಮಾರಿಗೆ" ಎಂದ ಇನ್ನೊಬ್ಬ. ಯಾರ ಕೈಯನ್ನೂ ಹತ್ತಿರ ಬಿಡದೆ ಮಾಸ್ಕ್ ಬಿಗಿದು, ಉಸಿರು ತುಂಬುವ ಬ್ಯಾಗ್ ಒತ್ತತೊಡಗಿದೆ. ಒತ್ತು, ಐದು ಎಣಿಸು, ಒತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ಅವನ ಉಸಿರಲ್ಲ, ನನ್ನ ಕೈಯದು. ಎಷ್ಟು ಸಲ ಒತ್ತಿದೆನೋ ಲೆಕ್ಕ ತಪ್ಪಿತು. ನನ್ನ ಟಾರ್ಚು, ನನ್ನ ಟಾರ್ಚು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಮೇಲೆ ಅವನ ಗಂಟಲು ಗೊರ್ ಎಂದಿತು. ಬ್ಯಾಗ್ ಒತ್ತದೆಯೇ ಎದೆ ಒಂದು ಸಲ ಏರಿತು. ತಡೆದು ಇನ್ನೊಂದು ಸಲ. ನನಗೆ ಅಳು ಬಂತು, ಅಳುತ್ತಲೇ ಬ್ಯಾಗ್ ಒತ್ತಿದೆ.

ಸ್ಟ್ರೆಚರ್ ಗಾಡಿಗೇರಿಸಿದಾಗ ಅಜ್ಜಿ ತಾವಾಗಿಯೇ ಹತ್ತಿ ಕುಳಿತರು. ಹೆಬ್ಬೆಟ್ಟಿನ ಮಸಿ ಇನ್ನೂ ಆರಿರಲಿಲ್ಲ. ಮಗ ಕಣ್ಣು ತೆರೆಯುವತನಕ ಒಂದು ಹನಿ ನೀರೂ ಬೇಡ ಎಂದರು. ನಾನು ರೇಗಿಬಿಟ್ಟೆ. "ಆಯಿ, ನಿಮ್ಮ ಸಕ್ಕರಿ ಮತ್ತ ಇಳದ್ರ ನಾ ಒಬ್ಬಾಕಿ ಇಬ್ಬರಿಗೆ ಹೆಂಗ ಮಾಡ್ಲಿ? ಮಗ ಉಳಿಬೇಕಂದ್ರ ಕುಡೀರಿ." ಕೊರಳ ಕರಡಿಗೆಯನ್ನು ಮುಟ್ಟಿಕೊಂಡು ಕಣ್ಮುಚ್ಚಿ ಗಟಗಟ ಕುಡಿದರು.

ಆಳಂದದ ದಾರಿಯಲ್ಲಿ ಒಂದು ಸಲ ಅವನ ಉಸಿರು ಮತ್ತೆ ತಡೆಯಿತು. ಮೂರ್ನಾಲ್ಕು ಸಲ ಬ್ಯಾಗ್ ಒತ್ತಿದ ಮೇಲೆ ಮರಳಿತು. ಮೂಲೆಯಲ್ಲಿ ತಮ್ಮನ ಪಾದ ಹಿಡಿದು ಕುಳಿತಿದ್ದ ಹಿರಿಯ ಆಗ ಕೇಳಿದ, "ಸಿಸ್ಟರ, ಒಳಗ ಹೊಗಿ ಇಲ್ಲ, ವಿಷ ಇಲ್ಲ. ಬರೇ ಜೋಳ ಅದ. ಮತ್ತ ಹವಾ ಯಾರ ತಿಂದ್ರು?"

"ಜೋಳಾನ ತಿಂದದ, ಅಣ್ಣಾರ" ಎಂದೆ.

ಅವನು ನನ್ನ ಮುಖ ನೋಡಿದ. ಬ್ಯಾಗ್ ಹಿಡಿದುಕೊಂಡೇ ಹೇಳಿದೆ. ಹಗೇವಿನ ಕಾಳನ್ನು ಬಿತ್ತಿದರೆ ಮೊಳಕೆ ಬರುತ್ತದೆಯಲ್ಲ, ಅಂದರೆ ಅದಕ್ಕೆ ಜೀವ ಇದೆ. ಜೀವ ಇದ್ದದ್ದು ಉಸಿರಾಡುತ್ತದೆ. ಒಣ ಕಾಳು ಗೊತ್ತೇ ಆಗದಷ್ಟು ನಿಧಾನ, ಈ ಮಳೆಗಾಲದಲ್ಲಿ ಹಸಿ ತಾಕಿದ ಕಾಳು ಜೋರು. ನುಸಿ, ಬೂಷ್ಟು ಅವೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಇದ್ದಷ್ಟು ಪ್ರಾಣವಾಯು ತೀರಿ, ನಾವು ಹೊರಗೆ ಬಿಡುವಂಥದ್ದೇ ಕೆಟ್ಟ ಗಾಳಿ, ಇಂಗಾಲದ ಡೈಆಕ್ಸೈಡ್, ತುಂಬಿಕೊಳ್ಳುತ್ತದೆ. ಅದು ಭಾರ, ಬಾಯಿ ತೆರೆದ ಕೂಡಲೇ ಮೇಲೇಳುವುದಿಲ್ಲ. ಅದರೊಳಗೆ ಇಳಿದವನಿಗೆ ದಮ್ಮು ಹತ್ತುತ್ತದೆ, ದಮ್ಮು ಹತ್ತಿದಷ್ಟೂ ಅದನ್ನೇ ಜೋರಾಗಿ ಎಳೆದುಕೊಳ್ಳುತ್ತಾನೆ. ಕೂಗಬೇಕು ಎಂದುಕೊಳ್ಳುವ ಮೊದಲೇ ಕುಸಿಯುತ್ತಾನೆ.

"ಅದಕ್ಕ ನುಸಿ ಹತ್ತಂಗಿಲ್ಲ ಹಗೇವಿಗೆ" ಎಂದರು ಅಜ್ಜಿ, ಮಗನ ಹಣೆಯಿಂದ ಕೈ ತೆಗೆಯದೆ. "ನುಸಿ ಸಾಯೋ ಹವಾದಾಗ ಮನಷ್ಯಾ ಹೆಂಗ ಉಳದಾನು. ದೀಪ ಇಳಸ್ರಿ ಅಂತ ಹೇಳಿದ್ನಲ್ಲೋ."

ಹಿರಿಯ ತಲೆ ತಗ್ಗಿಸಿದ. "ಬ್ಯಾಟರಿನೂ ದೀಪಾನ ಅಲ್ಲೇನಬೇ ಅಂದ್ಕೊಂಡೆ" ಎಂದ. ಆ ಬ್ಯಾಟರಿ ಯಾರದೆಂದು ಅವನು ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ತಾಲೂಕು ಆಸ್ಪತ್ರೆಯಲ್ಲಿ ನೋಡಿ ಕಲಬುರಗಿಗೆ ಕಳಿಸಿದರು. ಅವನು ಉಳಿಯುತ್ತಾನೋ, ಉಳಿದರೂ ಬುದ್ಧಿ ನೆಟ್ಟಗಿರುತ್ತದೋ ಎಂದು ಅಲ್ಲಿಯೂ ಯಾರೂ ಮಾತು ಕೊಡಲಿಲ್ಲ. ನಾನು ವಾಪಸ್ ಬಂದು ವರದಿ ಬರೆದೆ. ಬಳಸಿದ ಸಲಕರಣೆ ಎಂಬಲ್ಲಿ ಆಕ್ಸಿಜನ್, ನಳಿಕೆ, ಸಕ್ಷನ್, ಬ್ಯಾಗ್ ಎಲ್ಲ ಬರೆದೆ. ಗಾಡಿಯ ಸಾಮಾನಿನ ರಿಜಿಸ್ಟರಿನಲ್ಲಿ "ಟಾರ್ಚ್: ಕಳೆದಿದೆ" ಎಂದು ಬರೆದೆ. ಸುಳ್ಳೇನಲ್ಲ, ಹಗೇವಿನಲ್ಲಿ ಬಿಟ್ಟು ಬಂದಿದ್ದೆ. ಆದರೂ ಅದನ್ನು ಬರೆಯುವಾಗ ಪೆನ್ನು ಹಿಡಿದ ಕೈಗೆ ನಾಚಿಕೆಯಾಯಿತು.

ಶ್ರಾವಣ ಮುಗಿದ ಮೇಲೆ ಇನ್ನೊಂದು ಕರೆಗೆ ಆ ಕಡೆ ಹೋಗಿ ಬರುವಾಗ ಪೈಲಟ್ ಕೇಳದೆಯೇ ಆ ಮನೆಯ ಮುಂದೆ ಗಾಡಿ ನಿಲ್ಲಿಸಿದ. ಕಿರಿಯ ಮಗ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಎದ್ದು ನಿಂತು ಕೈ ಮುಗಿದ. ಸೊಂಟಕ್ಕೆ ಕೊಕ್ಕೆಯ ಗಾಯದ ಕಲೆ ಉಳಿದಿದೆ, ಒಮ್ಮೊಮ್ಮೆ ಮಾತಾಡುವಾಗ ನಡುವೆ ಪದ ಸಿಗುವುದಿಲ್ಲ, ಉಳಿದಂತೆ ಆರಾಮ ಎಂದ. ಆ ಹೊತ್ತಿನದು ಏನು ನೆನಪಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಪದ ಹುಡುಕಿದ. "ಬೆಳಕ ಇತ್ರಿ" ಎಂದ. "ಬೆಳಕ ಅದ, ಏನೂ ಆಗಂಗಿಲ್ಲ ಅಂತ ಇಳದೆ."

ನಾನು ಬಗ್ಗಿ ಅವನ ತೊಗರಿಯಲ್ಲಿ ಕಲ್ಲು ಆರಿಸತೊಡಗಿದೆ.

ಅಜ್ಜಿ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಟಾರ್ಚು ತಂದು ನನ್ನ ಕೈಗಿಟ್ಟರು. ಪ್ಲಾಸ್ಟರಿನ ಸಂದಿಯಲ್ಲಿ ಒಂದೆರಡು ಜೋಳದ ಕಾಳು ಸಿಕ್ಕಿಕೊಂಡಿದ್ದವು. "ಮರುದಿನ ಎಣ್ಣಿ ದೀಪ ಇಳಿಸಿದ್ರ ನಡುವ ಆರ್ತು ಬೇ. ಅದರ ಪಕ್ಕಕ್ಕ ನಿಂದು ಇನ್ನೂ ಉರಿಯಾಕತ್ತಿತ್ತು."

ಇನ್ನು ತಡೆಯಲಾಗಲಿಲ್ಲ. "ಆಯಿ, ಅದನ್ನ ಕೊಟ್ಟಾಕಿ ನಾನ. ಯಾಕಂತ ಕೇಳಲಿಲ್ಲ. ಆಮ್ಯಾಲ ನಾನೂ ಅದನ್ನ ನಂಬಿ ಒಂದ್ ಕಾಲು ಇಳಿಸಿದ್ದೆ" ಎಂದೆ.

ಸಮಾಧಾನ ಹೇಳಬಹುದು ಎಂದುಕೊಂಡಿದ್ದೆ. ಅವರು ಹೇಳಲಿಲ್ಲ. "ಇನ್ನ ಮ್ಯಾಲ ಯಾಕಂತ ಕೇಳಿ ಕೊಡು" ಎಂದರು. ಆಮೇಲೆ ಒಳಗೆ ಕರೆದು ಎರಡು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಅದೇ ಹಗೇವಿನ ಜೋಳದ ರೊಟ್ಟಿ.

ಸಂಜೆ ರಿಜಿಸ್ಟರ್ ತೆಗೆದು "ಕಳೆದಿದೆ" ಎಂಬುದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: "ಟಾರ್ಚ್: ಯಾಕೆಂದು ಕೇಳದೆ ಕೊಟ್ಟದ್ದು, ವಾಪಸ್ ಬಂದಿದೆ." ಇದೇನು ಬರೆದಿದ್ದೀರಿ ಎಂದು ಮೇಲಿನವರು ಮುಂದಿನ ತಪಾಸಣೆಯಲ್ಲಿ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.